ಬಾಯಿಮಾತಿನ ಒಪ್ಪಂದ, ಹತ್ತು ವರ್ಷದ ಕೇಸು: ಪ್ಲಾಟಿನಿ ಬದುಕು ನಮಗೆ ಹೇಳುವುದೇನು?

2025ರ ಆಗಸ್ಟ್ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನಿಂದ ಒಂದು ಸಣ್ಣ ಸುದ್ದಿ ಬಂತು. ಫುಟ್ಬಾಲ್ ಆಟಗಾರ ಮಿಶೆಲ್ ಪ್ಲಾಟಿನಿ ಮತ್ತು ಫಿಫಾದ ಮಾಜಿ ಅಧ್ಯಕ್ಷ ಸೆಪ್ ಬ್ಲಾಟರ್ ಅವರನ್ನು ಖುಲಾಸೆ ಮಾಡಿದ ತೀರ್ಪಿನ ವಿರುದ್ಧ ಇನ್ನು ಮೇಲ್ಮನವಿ ಹಾಕುವುದಿಲ್ಲ ಎಂದು ಅಲ್ಲಿನ ಸರಕಾರಿ ಅಭಿಯೋಜಕರು ತಿಳಿಸಿದರು. 2015ರಲ್ಲಿ ಶುರುವಾದ ಕೇಸು ಹತ್ತು ವರ್ಷದ ಬಳಿಕ ಮುಗಿಯಿತು. ಆಗ ಪ್ಲಾಟಿನಿಗೆ ವಯಸ್ಸು 70. ಕೇಸು ಶುರುವಾದಾಗ ಅವರು ಫಿಫಾ ಅಧ್ಯಕ್ಷ ಸ್ಥಾನಕ್ಕೆ ಒಂದು ಮೆಟ್ಟಿಲು ಕೆಳಗೆ ನಿಂತಿದ್ದರು.

ಫ್ರಾನ್ಸಿನ ಫುಟ್ಬಾಲಿಗನ ವಿಷಯ ನಮ್ಮ ಪುಟದಲ್ಲಿ ಯಾಕೆ ಅಂತ ಕೆಲವರು ಕೇಳಬಹುದು. ಕಾರಣ ಉಂಟು. 2010ರ ಡಿಸೆಂಬರ್ 2ರಂದು ಝೂರಿಚ್‌ನಲ್ಲಿ 22 ಮಂದಿ ಮತ ಹಾಕಿ 2022ರ ವಿಶ್ವಕಪ್ಪನ್ನು ಕತರ್‌ಗೆ ಕೊಟ್ಟರು. ಆ 22 ಮಂದಿಯಲ್ಲಿ ಪ್ಲಾಟಿನಿ ಒಬ್ಬರು. ಆಮೇಲೆ ಹನ್ನೆರಡು ವರ್ಷ ದೋಹಾದಲ್ಲಿ ಮೆಟ್ರೋ, ರಸ್ತೆ, ಹೋಟೆಲು, ಸ್ಟೇಡಿಯಂ ಎದ್ದವು. ಡ್ರೈವರ್ ಆಗಿ, ಸ್ಟೋರ್ ಕೀಪರ್ ಆಗಿ, ಸೈಟ್ ಇಂಜಿನಿಯರ್ ಆಗಿ, ಅಂಗಡಿಯ ಸೇಲ್ಸ್‌ಮ್ಯಾನ್ ಆಗಿ ನಮ್ಮ ಕರಾವಳಿಯ ಮಕ್ಕಳು ಅಲ್ಲಿ ದುಡಿದರು. ಅಲ್ಲಿಂದ ಬಂದ ಹಣದಲ್ಲಿ ಇಲ್ಲಿ ಎಷ್ಟೋ ಮನೆ ಕಟ್ಟಿದೆ, ಎಷ್ಟೋ ತಂಗಿಯರ ಮದುವೆ ನಡೆದಿದೆ. ದೂರದ ಒಂದು ಕೋಣೆಯಲ್ಲಿ ಕುಳಿತ ಕ್ರೀಡಾ ಆಡಳಿತಗಾರರ ಒಂದು ಮತ ನಮ್ಮ ಅಡುಗೆಮನೆಯವರೆಗೆ ಬಂದು ಮುಟ್ಟುತ್ತದೆ. ಹಾಗಾಗಿ ಆ ಕುರ್ಚಿಯಲ್ಲಿ ಯಾರು ಕೂರುತ್ತಾರೆ, ಹೇಗೆ ಕೂರುತ್ತಾರೆ ಎಂಬುದು ನಮಗೂ ಸಂಬಂಧಪಟ್ಟ ವಿಷಯ.

ಆಟಗಾರರೇ ಆಡಳಿತಕ್ಕೆ ಬಂದರೆ ಎಲ್ಲ ಸರಿಯಾಗುತ್ತದೆ ಎಂದು ನಾವು ಸಾಮಾನ್ಯವಾಗಿ ನಂಬುತ್ತೇವೆ. ರಾಜಕಾರಣಿ ಬೇಡ, ಉದ್ಯಮಿ ಬೇಡ, ಬೂಟು ಕಟ್ಟಿ ಮೈದಾನದಲ್ಲಿ ಬೆವರು ಸುರಿಸಿದವನು ಬರಲಿ ಅನ್ನುತ್ತೇವೆ. ಈ ನಂಬಿಕೆಯ ಅರ್ಧ ಸತ್ಯ, ಉಳಿದರ್ಧ ಅಪಾಯ. ಪ್ಲಾಟಿನಿ ಬದುಕಿನಲ್ಲಿ ಇವೆರಡೂ ಕಾಣುತ್ತವೆ.

ವಲಸಿಗರ ಮನೆಯ ಹುಡುಗ

ಪ್ಲಾಟಿನಿ ಹುಟ್ಟಿದ್ದು 1955ರ ಜೂನ್ 21ರಂದು, ಫ್ರಾನ್ಸಿನ ಲೊರೇನ್ ಪ್ರದೇಶದ ಜೋಫ್ ಎಂಬ ಸಣ್ಣ ಊರಿನಲ್ಲಿ. ಕಬ್ಬಿಣದ ಕಾರ್ಖಾನೆಗಳ ಊರು ಅದು. ಅಜ್ಜ ಇಟಲಿಯಿಂದ ಹೊಟ್ಟೆಪಾಡಿಗೆ ಬಂದವರು. ಊರು ಬಿಟ್ಟು ದುಡಿಯಲು ಹೋದವರ ಮೊಮ್ಮಗ ಅಂದರೆ ನಮ್ಮವರಿಗೆ ಬೇರೆ ವಿವರಿಸಬೇಕಾಗಿಲ್ಲ. ತಂದೆ ಅಲ್ಡೊ ಗಣಿತದ ಮೇಷ್ಟ್ರು, ಜೊತೆಗೆ ಫುಟ್ಬಾಲ್ ಕೋಚ್. ಮಗ ಮೊದಲು ನ್ಯಾನ್ಸಿ ಕ್ಲಬ್ಬಿಗೆ, ಆಮೇಲೆ ಸೇಂತ್ ಎತಿಯೆನ್‌ಗೆ, 1982ರಲ್ಲಿ ಅಜ್ಜನ ದೇಶದ ಯುವೆಂಟಸ್‌ಗೆ ಆಡಿದ.

1983, 1984, 1985 ಹೀಗೆ ಮೂರು ವರ್ಷ ಸಾಲಾಗಿ ಯುರೋಪಿನ ಶ್ರೇಷ್ಠ ಆಟಗಾರನಿಗೆ ಕೊಡುವ ಬಾಲನ್ ದೋರ್ ಪ್ರಶಸ್ತಿ ಅವರದ್ದಾಯಿತು. 1984ರ ಯುರೋ ಕಪ್‌ನಲ್ಲಿ ಫ್ರಾನ್ಸ್ ನಾಯಕನಾಗಿ 5 ಪಂದ್ಯಗಳಲ್ಲಿ 9 ಗೋಲು ಹೊಡೆದು ಕಪ್ ಗೆದ್ದರು. ದೇಶಕ್ಕಾಗಿ ಒಟ್ಟು 72 ಪಂದ್ಯ, 41 ಗೋಲು. ಅವರು ಮಿಡ್‌ಫೀಲ್ಡರ್ ಎಂಬುದನ್ನು ನೆನಪಿಟ್ಟುಕೊಂಡು ಈ ಸಂಖ್ಯೆ ನೋಡಬೇಕು. 1986ರ ವಿಶ್ವಕಪ್ಪನ್ನು ದೂರದರ್ಶನದಲ್ಲಿ ನೋಡಿದ ನಮ್ಮ ಹಿರಿಯರಿಗೆ ಬ್ರೆಝಿಲ್ ವಿರುದ್ಧದ ಕ್ವಾರ್ಟರ್ ಫೈನಲ್ ನೆನಪಿರಬಹುದು. ಅಂದು ಪ್ಲಾಟಿನಿಯ ಹುಟ್ಟುಹಬ್ಬ. ಸಮಬಲದ ಗೋಲು ಹೊಡೆದದ್ದೂ ಅವರೇ, ಶೂಟೌಟ್‌ನಲ್ಲಿ ಪೆನಾಲ್ಟಿ ತಪ್ಪಿಸಿದ್ದೂ ಅವರೇ. ಆದರೂ ಫ್ರಾನ್ಸ್ ಗೆದ್ದಿತು.

ಅವರ ಬದುಕಿನ ಅತ್ಯಂತ ದೊಡ್ಡ ಕ್ಲಬ್ ಗೆಲುವು ಬಂದದ್ದು ಸಾವಿನ ನಡುವೆ. 1985ರ ಮೇ 29, ಬ್ರಸೆಲ್ಸ್‌ನ ಹೇಸೆಲ್ ಸ್ಟೇಡಿಯಂ. ಯುರೋಪಿಯನ್ ಕಪ್ ಫೈನಲ್ ಶುರುವಾಗುವ ಮೊದಲೇ ಗ್ಯಾಲರಿಯಲ್ಲಿ ನೂಕುನುಗ್ಗಲಾಗಿ ಗೋಡೆ ಕುಸಿದು 39 ಮಂದಿ ಸತ್ತರು. ಆದರೂ ಪಂದ್ಯ ಆಡಿಸಿದರು. ಪ್ಲಾಟಿನಿಯ ಪೆನಾಲ್ಟಿ ಗೋಲಿನಿಂದ ಯುವೆಂಟಸ್ ಗೆದ್ದಿತು. ಹಳೆಯ ಸ್ಟೇಡಿಯಂ, ಕೆಟ್ಟ ಟಿಕೆಟ್ ವ್ಯವಸ್ಥೆ, ಸಾಲದ ಪೊಲೀಸ್ ಬಂದೋಬಸ್ತು. ಆಡಳಿತ ಸರಿಯಿಲ್ಲದಿದ್ದರೆ ಜನ ಸಾಯುತ್ತಾರೆ ಎಂಬುದನ್ನು ಅವರಷ್ಟು ಹತ್ತಿರದಿಂದ ಕಂಡ ಆಟಗಾರರು ಕಡಿಮೆ.

ಕುರ್ಚಿಗೆ ಬಂದ ದಾರಿ

1987ರಲ್ಲಿ, 32ನೇ ವಯಸ್ಸಿಗೇ ಪ್ಲಾಟಿನಿ ಆಟ ನಿಲ್ಲಿಸಿದರು. 1988ರಿಂದ 1992ರವರೆಗೆ ಫ್ರಾನ್ಸ್ ತಂಡದ ಕೋಚ್ ಆದರು. ಅರ್ಹತಾ ಸುತ್ತಿನ ಎಂಟಕ್ಕೆ ಎಂಟೂ ಪಂದ್ಯ ಗೆದ್ದ ಅವರ ತಂಡ 1992ರ ಯುರೋ ಕಪ್‌ನಲ್ಲಿ ಮೊದಲ ಸುತ್ತಿನಲ್ಲೇ ಮನೆಗೆ ಬಂತು. ಅಲ್ಲಿಗೆ ಕೋಚ್ ಕೆಲಸ ಮುಗಿಯಿತು. ಮುಂದೆ 1998ರ ವಿಶ್ವಕಪ್ ಫ್ರಾನ್ಸಿನಲ್ಲಿ ನಡೆದಾಗ ಸಂಘಟನಾ ಸಮಿತಿಯ ಜಂಟಿ ಅಧ್ಯಕ್ಷರಾದರು. ಅದೇ ವರ್ಷ ಬ್ಲಾಟರ್ ಫಿಫಾ ಅಧ್ಯಕ್ಷ ಚುನಾವಣೆಗೆ ನಿಂತಾಗ ಅವರ ಬೆನ್ನಿಗೆ ನಿಂತರು. ಗೆದ್ದ ಬ್ಲಾಟರ್ ಇವರನ್ನು ಸಲಹೆಗಾರರಾಗಿ ಇಟ್ಟುಕೊಂಡರು. ಮುಂದಿನ ಎಲ್ಲ ರಗಳೆಯ ಬೀಜ ಬಿದ್ದದ್ದು ಇಲ್ಲಿ.

2007ರ ಜನವರಿ 26ರಂದು ಯುರೋಪಿನ ಫುಟ್ಬಾಲ್ ಒಕ್ಕೂಟವಾದ ಯುಇಎಫ್‌ಎಗೆ ಚುನಾವಣೆ ನಡೆಯಿತು. 1990ರಿಂದ ಅಧ್ಯಕ್ಷರಾಗಿದ್ದ ಲೆನ್ನಾರ್ಟ್ ಯೊಹಾನ್ಸನ್ ಅವರನ್ನು ಪ್ಲಾಟಿನಿ 27-23 ಮತಗಳಿಂದ ಸೋಲಿಸಿದರು. ಅವರಿಗೆ ಬಲ ಕೊಟ್ಟದ್ದು ಸಣ್ಣ ದೇಶಗಳು. ನಾಲ್ಕು ಶ್ರೀಮಂತ ದೇಶಗಳ ದೊಡ್ಡ ಕ್ಲಬ್ಬುಗಳೇ ಎಲ್ಲ ನುಂಗಬಾರದು ಎಂಬುದು ಅವರ ಮಾತಾಗಿತ್ತು. ಮಾತನ್ನು ಸ್ವಲ್ಪ ಮಟ್ಟಿಗೆ ಉಳಿಸಿಕೊಂಡರು ಕೂಡ. ಚಾಂಪಿಯನ್ಸ್ ಲೀಗ್‌ಗೆ ಸಣ್ಣ ದೇಶಗಳ ಚಾಂಪಿಯನ್ ತಂಡಗಳು ಬರಲು ಬೇರೆ ದಾರಿ ಮಾಡಿದರು. ಯುರೋ ಕಪ್ಪನ್ನು 16 ತಂಡಗಳಿಂದ 24ಕ್ಕೆ ಏರಿಸಿದರು. ಕ್ಲಬ್ಬುಗಳು ದುಡಿದದ್ದಕ್ಕಿಂತ ಹೆಚ್ಚು ಖರ್ಚು ಮಾಡಬಾರದು ಎಂಬ ಹಣಕಾಸಿನ ನಿಯಮ ತಂದರು. 2014ರಲ್ಲಿ ಪ್ಯಾರಿಸ್ ಸೇಂತ್ ಜರ್ಮೈನ್ ಮತ್ತು ಮ್ಯಾಂಚೆಸ್ಟರ್ ಸಿಟಿಯಂಥ ಕ್ಲಬ್ಬುಗಳಿಗೂ ಆ ನಿಯಮದಡಿ ದಂಡ ಬಿತ್ತು.

ಇದು ಆಟಗಾರ ಅಧಿಕಾರಕ್ಕೆ ಬಂದಾಗ ಸಿಗುವ ಲಾಭ. ಸಣ್ಣ ಊರಿನ ತಂಡಕ್ಕೂ ದೊಡ್ಡ ಮೈದಾನದ ಆಸೆ ಇರುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಒಂದು ಊಟ, ಒಂದು ಮತ

ಇನ್ನು ಕತರ್ ವಿಷಯ. ಮತದಾನಕ್ಕೆ ಕೆಲವೇ ದಿನ ಮೊದಲು, 2010ರ ನವೆಂಬರಿನಲ್ಲಿ ಪ್ಯಾರಿಸ್‌ನ ಅಧ್ಯಕ್ಷರ ಅರಮನೆಯಲ್ಲಿ ಒಂದು ಮಧ್ಯಾಹ್ನದ ಊಟ ನಡೆಯಿತು. ಫ್ರಾನ್ಸಿನ ಆಗಿನ ಅಧ್ಯಕ್ಷ ನಿಕೊಲಾ ಸರ್ಕೋಝಿ, ಕತರ್‌ನ ಆಗಿನ ಯುವರಾಜ ಮತ್ತು ಪ್ಲಾಟಿನಿ ಆ ಊಟದಲ್ಲಿದ್ದರು. ಆಮೇಲೆ ಪ್ಲಾಟಿನಿ ಕತರ್‌ಗೆ ಮತ ಹಾಕಿದರು. ಅದನ್ನು ಬಚ್ಚಿಡದೆ ಬಹಿರಂಗವಾಗಿಯೇ ಹೇಳಿದರು. ಆ ಊಟದಿಂದಾಗಿ ಮತ ಅಮೆರಿಕದಿಂದ ಕತರ್ ಕಡೆಗೆ ತಿರುಗಿತು ಎನ್ನುವುದು ಬ್ಲಾಟರ್ ವಾದ. ಯಾರೂ ತನಗೆ ಅಪ್ಪಣೆ ಕೊಟ್ಟಿಲ್ಲ, ನಿರ್ಧಾರ ತನ್ನದೇ ಎನ್ನುವುದು ಪ್ಲಾಟಿನಿ ವಾದ. 2019ರ ಜೂನಿನಲ್ಲಿ ಫ್ರೆಂಚ್ ಪೊಲೀಸರು ಈ ಬಗ್ಗೆ ಅವರನ್ನು ದಿನವಿಡೀ ವಿಚಾರಿಸಿ, ಯಾವ ಆರೋಪವನ್ನೂ ಹೊರಿಸದೆ ಬಿಟ್ಟು ಕಳಿಸಿದರು.

ಅರಬ್ ಜಗತ್ತಿಗೆ ಮೊದಲ ಬಾರಿ ವಿಶ್ವಕಪ್ ಬಂದದ್ದು, ಅದೇ ಕೂಟದಲ್ಲಿ ಮೊರಾಕ್ಕೊ ಸೆಮಿಫೈನಲ್ ಮುಟ್ಟಿದ್ದು ನಮಗೆಲ್ಲ ಖುಷಿ ಕೊಟ್ಟ ವಿಷಯ. ಕತರ್ ಬಗ್ಗೆ ಪಶ್ಚಿಮದ ಕೆಲವರು ಆಡಿದ ಮಾತಿನಲ್ಲಿ ಪೂರ್ವಗ್ರಹವೂ ಇತ್ತು. ಆದರೆ ಅಷ್ಟಕ್ಕೇ ಪ್ರಶ್ನೆ ಮುಗಿಯುವುದಿಲ್ಲ. ಯುರೋಪಿನ ಫುಟ್ಬಾಲನ್ನು ಪ್ರತಿನಿಧಿಸುವ ವ್ಯಕ್ತಿ ಮತದ ಮುನ್ನ ತನ್ನ ದೇಶದ ಅಧ್ಯಕ್ಷರ ಮನೆಯಲ್ಲಿ, ಸ್ಪರ್ಧೆಯಲ್ಲಿದ್ದ ದೇಶದ ರಾಜಮನೆತನದ ಜೊತೆ ಕೂತು ಊಟ ಮಾಡುವುದು ಸರಿಯಾ? ಮತ ಯಾವ ದೇಶಕ್ಕೆ ಬಿದ್ದರೂ ಈ ಪ್ರಶ್ನೆ ಕೇಳಲೇಬೇಕು.

ಇನ್ನೊಂದು ಮಾತು ನಮ್ಮವರಿಗೆ ಸೇರಿದ್ದು. 2010ರ ಬಿಡ್ಡಿಂಗ್ ನಿಯಮದಲ್ಲಿ ಕಾರ್ಮಿಕರ ಹಕ್ಕು, ಮಾನವ ಹಕ್ಕು ಎಂಬ ಷರತ್ತೇ ಇರಲಿಲ್ಲ. ಅದು ಸೇರಿದ್ದು 2026ರ ವಿಶ್ವಕಪ್ ಬಿಡ್ಡಿಂಗ್‌ನಲ್ಲಿ. ಕತರ್‌ನಲ್ಲಿ ಕೆಲಸ ಬದಲಾಯಿಸಲು ಹಳೆಯ ಕಫೀಲನ ಎನ್‌ಒಸಿ ಬೇಕೆಂಬ ನಿಯಮ ಹೋದದ್ದು 2020ರಲ್ಲಿ. ತಿಂಗಳಿಗೆ ಕನಿಷ್ಠ 1000 ರಿಯಾಲ್ ಸಂಬಳ, ಊಟ ಕೊಡದಿದ್ದರೆ 300, ವಸತಿ ಕೊಡದಿದ್ದರೆ 500 ರಿಯಾಲ್ ಎಂಬ ನಿಯಮ ಬಂದದ್ದು 2021ರ ಮಾರ್ಚ್‌ನಲ್ಲಿ. ಅಂದರೆ ಮತ ಬಿದ್ದು ಹತ್ತು ವರ್ಷ ಕಳೆದ ಮೇಲೆ, ಜಗತ್ತಿನ ಒತ್ತಡ ಬಿದ್ದ ಮೇಲೆ. ಮತ ಹಾಕುವ ದಿನವೇ ಯಾರಾದರೂ ಈ ಪ್ರಶ್ನೆ ಎತ್ತಿದ್ದರೆ ಎಷ್ಟು ಮಂದಿಗೆ ಉಪಕಾರ ಆಗುತ್ತಿತ್ತು!

20 ಲಕ್ಷ ಫ್ರಾಂಕ್

ಪ್ಲಾಟಿನಿಯನ್ನು ಕೆಳಗೆ ಇಳಿಸಿದ್ದು ಕತರ್ ಅಲ್ಲ, ಒಂದು ಹಳೆಯ ಬಾಕಿ. ಸಲಹೆಗಾರರಾಗಿದ್ದಾಗ ಅವರ ಜೊತೆ 1999ರಲ್ಲಿ ಆದ ಲಿಖಿತ ಒಪ್ಪಂದದಲ್ಲಿ ವರ್ಷಕ್ಕೆ 3 ಲಕ್ಷ ಸ್ವಿಸ್ ಫ್ರಾಂಕ್ ಸಂಬಳ ಎಂದಿತ್ತು. ಆದರೆ ನಿಜವಾದ ಮಾತು ವರ್ಷಕ್ಕೆ 10 ಲಕ್ಷ ಫ್ರಾಂಕ್, ಆಗ ಫಿಫಾದ ಕೈಯಲ್ಲಿ ಅಷ್ಟು ಹಣ ಇರಲಿಲ್ಲ, ಉಳಿದದ್ದು ಆಮೇಲೆ ಎಂದು ಬಾಯಿಮಾತಿನಲ್ಲಿ ತೀರ್ಮಾನ ಆಗಿತ್ತು ಎಂದು ಬ್ಲಾಟರ್ ಮತ್ತು ಪ್ಲಾಟಿನಿ ಇಬ್ಬರೂ ಹೇಳಿದರು. ಸಲಹೆಗಾರನ ಕೆಲಸ ಮುಗಿದದ್ದು 2002ರಲ್ಲಿ. ಬಿಲ್ಲು ಹೋದದ್ದು 2011ರ ಜನವರಿಯಲ್ಲಿ. 20 ಲಕ್ಷ ಫ್ರಾಂಕ್ ಕೈಗೆ ಬಂದದ್ದು ಫೆಬ್ರವರಿಯಲ್ಲಿ. ಅದೇ ವರ್ಷ ಜೂನಿನಲ್ಲಿ ಬ್ಲಾಟರ್ ಮತ್ತೆ ಅಧ್ಯಕ್ಷರಾದರು.

ನಾಲ್ಕು ವರ್ಷ ಇದು ಯಾರ ಗಮನಕ್ಕೂ ಬರಲಿಲ್ಲ. 2015ರ ಮೇ ತಿಂಗಳಲ್ಲಿ ಝೂರಿಚ್‌ನ ಹೋಟೆಲಿನಲ್ಲಿ ಫಿಫಾ ಅಧಿಕಾರಿಗಳ ಬಂಧನವಾಯಿತು. ಬ್ಲಾಟರ್ ಸ್ಥಾನ ಬಿಡುವುದಾಗಿ ಘೋಷಿಸಿದರು. ಜುಲೈಯಲ್ಲಿ ಪ್ಲಾಟಿನಿ ಆ ಸ್ಥಾನಕ್ಕೆ ಅಭ್ಯರ್ಥಿಯಾದರು. ಸೆಪ್ಟೆಂಬರ್ 25ರಂದು ಸ್ವಿಸ್ ತನಿಖೆಯಲ್ಲಿ ಈ ಪಾವತಿ ಹೊರಬಿತ್ತು. ಅಕ್ಟೋಬರಿನಲ್ಲಿ ಅಮಾನತು, ಡಿಸೆಂಬರಿನಲ್ಲಿ 8 ವರ್ಷ ನಿಷೇಧ. ಮೇಲ್ಮನವಿಯಲ್ಲಿ ಅದು 6 ವರ್ಷಕ್ಕೆ, ಆಮೇಲೆ ಅಂತಾರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಯಲ್ಲಿ 4 ವರ್ಷಕ್ಕೆ ಇಳಿಯಿತು. ಅಷ್ಟರಲ್ಲಿ 2016ರ ಫೆಬ್ರವರಿಯಲ್ಲಿ ಚುನಾವಣೆ ಮುಗಿದಿತ್ತು. ಗೆದ್ದವರು ಜಿಯಾನಿ ಇನ್ಫಾಂಟಿನೊ. ಅವರು ಅದುವರೆಗೆ ಪ್ಲಾಟಿನಿಯ ಕೈಕೆಳಗೆ ಯುಇಎಫ್‌ಎ ಪ್ರಧಾನ ಕಾರ್ಯದರ್ಶಿಯಾಗಿದ್ದವರು.

2022ರ ಜುಲೈ 8ರಂದು ಬೆಲಿನ್ಝೋನಾದ ನ್ಯಾಯಾಲಯ ಇಬ್ಬರನ್ನೂ ಖುಲಾಸೆ ಮಾಡಿತು. ಬಾಯಿಮಾತಿನ ಒಪ್ಪಂದ ಆಗಿತ್ತು ಎಂಬ ಮಾತನ್ನು ಸುಳ್ಳೆಂದು ತಳ್ಳಿಹಾಕಲಾಗದು, ವಂಚನೆ ಸಂಶಯಾತೀತವಾಗಿ ಸಾಬೀತಾಗಿಲ್ಲ ಎಂಬುದು ತೀರ್ಪಿನ ತಿರುಳು. ಅಭಿಯೋಜಕರು ಮೇಲ್ಮನವಿ ಹಾಕಿದರು. 2025ರ ಮಾರ್ಚ್ 25ರಂದು ಮೇಲಿನ ಕೋರ್ಟಿನಲ್ಲೂ ಖುಲಾಸೆ.

ಹಾಗಾದರೆ ಪ್ಲಾಟಿನಿಗೆ ಅನ್ಯಾಯ ಆಯಿತಾ? ಒಂದು ಲೆಕ್ಕದಲ್ಲಿ ಹೌದು. ಅಪರಾಧ ಸಾಬೀತಾಗದ ಮನುಷ್ಯ ಚುನಾವಣೆಯಿಂದ ಹೊರಬಿದ್ದ, ಹತ್ತು ವರ್ಷ ಆರೋಪಿ ಎಂಬ ಹಣೆಪಟ್ಟಿ ಹೊತ್ತ. ತಡವಾಗಿ ಸಿಕ್ಕ ನ್ಯಾಯ ಆ ವರ್ಷಗಳನ್ನು ವಾಪಸು ಕೊಡುವುದಿಲ್ಲ. ಸುಳ್ಳು ಕೇಸಿನಲ್ಲಿ ವರ್ಷಗಟ್ಟಲೆ ಕೋರ್ಟಿಗೆ ಅಲೆದು ಕೊನೆಗೆ ನಿರಪರಾಧಿ ಎಂದು ಹೊರಬಂದವರ ನೋವು ನಮಗೆ ಹೊಸತಲ್ಲ.

ಆದರೆ ಇನ್ನೊಂದು ಲೆಕ್ಕವೂ ಉಂಟು. ಕ್ರಿಮಿನಲ್ ಕೋರ್ಟ್ ಕೇಳುವ ಪ್ರಶ್ನೆ ಒಂದೇ, ಅಪರಾಧ ಆಗಿದೆಯಾ? ಸಂಸ್ಥೆ ಕೇಳಬೇಕಾದ ಪ್ರಶ್ನೆ ಬೇರೆ, ಸಾರ್ವಜನಿಕ ಹಣವನ್ನು ಹೀಗೆ ನಡೆಸಬಹುದಾ? ಒಂಬತ್ತು ವರ್ಷ ಹಳೆಯ ಬಾಕಿಯನ್ನು, ಕಾಗದ ಇಲ್ಲದೆ, ಅಧ್ಯಕ್ಷರ ಒಪ್ಪಿಗೆಯೊಂದರ ಮೇಲೆ, ಆಡಳಿತ ಸಮಿತಿಯ ಸದಸ್ಯನಿಗೇ ಕೊಡುವುದು ಸರಿಯಾದ ಪದ್ಧತಿಯಲ್ಲ. ಕ್ರೀಡಾ ನ್ಯಾಯಮಂಡಳಿ ಶಿಕ್ಷೆ ಇಳಿಸಿದರೂ ಆ ಪಾವತಿ ಸಕ್ರಮ ಎಂದು ತನಗೆ ಮನವರಿಕೆಯಾಗಿಲ್ಲ ಎಂದಿತ್ತು. ಎರಡು ತೀರ್ಪನ್ನೂ ಒಟ್ಟಿಗೆ ಓದಿದರೆ ಮಾತ್ರ ಚಿತ್ರ ಪೂರ್ತಿ ಆಗುತ್ತದೆ. ಒಂದು ಚೀಟಿ, ಒಂದು ಠರಾವು, ಒಂದು ಸಹಿ ಇದ್ದಿದ್ದರೆ ಈ ಕೇಸೇ ನಿಲ್ಲುತ್ತಿರಲಿಲ್ಲ. ಇಲ್ಲವೇ ಆ ಹಣವನ್ನೇ ಯಾರೂ ಕೊಡುತ್ತಿರಲಿಲ್ಲ.

ಇಲ್ಲಿ ಇನ್ನೊಬ್ಬರನ್ನು ನೆನೆಯಬೇಕು. ಹೇಸೆಲ್‌ನಲ್ಲಿ ಪ್ಲಾಟಿನಿ ಹೊಡೆದ ಪೆನಾಲ್ಟಿ ಸಿಕ್ಕಿದ್ದು ಪೋಲೆಂಡಿನ ಝ್ಬಿಗ್ನಿಯೆವ್ ಬೊನಿಯೆಕ್ ಎಂಬ ಸಹ ಆಟಗಾರನನ್ನು ಎದುರಾಳಿ ಬೀಳಿಸಿದ್ದಕ್ಕೆ. ಆ ಬೊನಿಯೆಕ್ ಕೂಡ ಆಡಳಿತಕ್ಕೆ ಬಂದರು. 2012ರಲ್ಲಿ ಪೋಲೆಂಡ್ ಫುಟ್ಬಾಲ್ ಸಂಸ್ಥೆಯ ಅಧ್ಯಕ್ಷರಾದರು. ಎರಡೇ ಅವಧಿ ಎಂಬ ನಿಯಮ ಇತ್ತು. ಅವಧಿ ಮುಗಿದಾಗ, 2021ರಲ್ಲಿ ಕುರ್ಚಿ ಬಿಟ್ಟರು. ನಿಯಮ ಗಟ್ಟಿ ಇದ್ದರೆ ಮನುಷ್ಯನನ್ನೂ ಅದೇ ಕಾಪಾಡುತ್ತದೆ.

ನಮ್ಮ ದೇಶದಲ್ಲೂ ಇದೇ ಪ್ರಶ್ನೆ

ಆಟಗಾರ ಅಧ್ಯಕ್ಷನಾಗಲಿ ಎಂಬ ಕೂಗು ಭಾರತದಲ್ಲೂ ಎದ್ದಿತ್ತು. ಅಖಿಲ ಭಾರತ ಫುಟ್ಬಾಲ್ ಫೆಡರೇಷನ್‌ನಲ್ಲಿ ಅವಧಿ ಮುಗಿದರೂ ಚುನಾವಣೆ ನಡೆಯದಿದ್ದಾಗ, 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆಡಳಿತಗಾರರ ಸಮಿತಿ ನೇಮಿಸಿತು. ಹೊರಗಿನವರ ಹಸ್ತಕ್ಷೇಪ ಎಂದು ಆಗಸ್ಟ್‌ನಲ್ಲಿ ಫಿಫಾ ಭಾರತವನ್ನೇ ಅಮಾನತು ಮಾಡಿ, ಹತ್ತು ಹನ್ನೊಂದು ದಿನದಲ್ಲಿ ಹಿಂದೆಗೆದುಕೊಂಡಿತು. ಸೆಪ್ಟೆಂಬರ್ 2ರಂದು ಚುನಾವಣೆ ನಡೆದು ಮಾಜಿ ಗೋಲ್‌ಕೀಪರ್ ಕಲ್ಯಾಣ್ ಚೌಬೆ 33-1 ಮತಗಳಿಂದ ಗೆದ್ದರು. 85 ವರ್ಷದ ಇತಿಹಾಸದಲ್ಲಿ ಆಟಗಾರನೊಬ್ಬ ಅಧ್ಯಕ್ಷನಾದದ್ದು ಅದೇ ಮೊದಲು. ನಮ್ಮ ರಾಜ್ಯದ ಶಾಸಕ ಎನ್.ಎ. ಹಾರಿಸ್ ಅದೇ ಚುನಾವಣೆಯಲ್ಲಿ ಉಪಾಧ್ಯಕ್ಷರಾದರು. ಸೋತವರು ಯಾರು? ಭಾರತದ ಮಾಜಿ ನಾಯಕ ಬೈಚುಂಗ್ ಭುಟಿಯಾ! ಚೌಬೆ 2019ರ ಲೋಕಸಭಾ ಚುನಾವಣೆಯಲ್ಲಿ ಬಿಜೆಪಿ ಅಭ್ಯರ್ಥಿಯಾಗಿದ್ದವರು. ಮತ ಹಾಕಿದವರು ರಾಜ್ಯ ಸಂಸ್ಥೆಗಳ ಪ್ರತಿನಿಧಿಗಳು. ಮಾಜಿ ಆಟಗಾರರಿಗೆ ಅಂದು ಮತ ಇರಲಿಲ್ಲ.

ಆಮೇಲೆ ಏನಾಯಿತು? 2024ರ ಏಷ್ಯನ್ ಕಪ್‌ನಲ್ಲಿ ಭಾರತ ಮೂರು ಪಂದ್ಯ ಸೋತಿತು, ಒಂದು ಗೋಲೂ ಹೊಡೆಯಲಿಲ್ಲ. 2027ರ ಏಷ್ಯನ್ ಕಪ್‌ಗೆ ಅರ್ಹತೆಯೇ ಸಿಗಲಿಲ್ಲ. ಐಎಸ್‌ಎಲ್ ನಡೆಸುತ್ತಿದ್ದ ಕಂಪೆನಿಯ ಜೊತೆ 2010ರಲ್ಲಿ ಆದ 15 ವರ್ಷದ ಒಪ್ಪಂದ 2025ರ ಡಿಸೆಂಬರಿಗೆ ಮುಗಿಯುತ್ತದೆ ಎಂದು ಎಲ್ಲರಿಗೂ ಮೊದಲೇ ಗೊತ್ತಿತ್ತು. ಆದರೂ ಆ ವರ್ಷ ಮುಗಿದರೂ ಲೀಗ್ ಶುರುವಾಗಲಿಲ್ಲ. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಆಟಗಾರರ, ಸಿಬ್ಬಂದಿಯ ಸಂಬಳ ತಡೆಹಿಡಿಯುವುದಾಗಿ ಪ್ರಕಟಿಸಿತು. ಕೋರ್ಟಿನ ತೀರ್ಪು ಬರುವವರೆಗೆ ಹೊಸ ಒಪ್ಪಂದ ಮಾಡುವಂತಿರಲಿಲ್ಲ ಎಂಬುದೂ ನಿಜ, ಎಲ್ಲವನ್ನೂ ಒಬ್ಬರ ತಲೆಗೆ ಕಟ್ಟಲಾಗದು. ಮಹಿಳಾ ತಂಡ 2026ರ ಏಷ್ಯನ್ ಕಪ್‌ಗೆ ಅರ್ಹತಾ ಸುತ್ತು ಗೆದ್ದೇ ಹೋದದ್ದು ಸಂತಸದ ಸಂಗತಿ. ಆದರೆ ಅಧ್ಯಕ್ಷ ಮಾಜಿ ಆಟಗಾರ ಎಂಬ ಒಂದೇ ಕಾರಣಕ್ಕೆ ಸಂಸ್ಥೆ ಸುಧಾರಿಸುವುದಿಲ್ಲ ಎಂಬುದು ಇಲ್ಲಿಯೂ ಕಂಡಿತು. 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಹೊಸ ಸಂವಿಧಾನದಲ್ಲಿ ಮಾಜಿ ಆಟಗಾರರಿಗೂ ಜಾಗ ಸಿಕ್ಕಿದೆ. ಅದೇ ವರ್ಷದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಆಡಳಿತ ಸಮಿತಿಗಳಲ್ಲಿ ಆಟಗಾರರೂ ಮಹಿಳೆಯರೂ ಇರಲೇಬೇಕು ಎನ್ನುತ್ತದೆ. ಒಬ್ಬ ಹೀರೋನನ್ನು ಕುರ್ಚಿಯಲ್ಲಿ ಕೂರಿಸುವುದಕ್ಕಿಂತ ಇದು ಒಳ್ಳೆಯ ದಾರಿ ಎಂದು ನಮಗೆ ಅನಿಸುತ್ತದೆ.

2034 ದೂರ ಇಲ್ಲ

2024ರ ಡಿಸೆಂಬರ್ 11ರಂದು 2034ರ ವಿಶ್ವಕಪ್ ಸೌದಿ ಅರೇಬಿಯಾಕ್ಕೆ ಸಿಕ್ಕಿತು. ಈಗ ಆತಿಥ್ಯ ತೀರ್ಮಾನಿಸುವುದು 22 ಮಂದಿಯಲ್ಲ, 211 ಸದಸ್ಯ ದೇಶಗಳ ಸಭೆ. ಸುಧಾರಣೆ ಎನ್ನೋಣ. ಆದರೆ ಅಭ್ಯರ್ಥಿ ಒಂದೇ ದೇಶ ಆಗಿದ್ದರಿಂದ ಪ್ರತ್ಯೇಕ ಮತ ಎಣಿಕೆ ನಡೆಯಲಿಲ್ಲ, ಚಪ್ಪಾಳೆಯಲ್ಲೇ ತೀರ್ಮಾನ ಆಯಿತು. ಯೋಜನೆಯಲ್ಲಿ 15 ಸ್ಟೇಡಿಯಂಗಳಿವೆ. ಕಟ್ಟುವವರಲ್ಲಿ ನಮ್ಮ ಜಿಲ್ಲೆಯ ಹುಡುಗರೂ ಇರುತ್ತಾರೆ. ಕೆಲಸ ಸಿಗಲಿ, ಮನೆ ಬೆಳಗಲಿ. ಜೊತೆಗೆ ಹೊರಡುವ ಮುನ್ನ ಸಂಬಳ, ಓವರ್‌ಟೈಂ, ವಸತಿ, ವಾಪಸು ಟಿಕೆಟು ಎಲ್ಲ ಬರೆದ ಕರಾರು ಕೈಯಲ್ಲಿರಲಿ. ಏಜೆಂಟನ ಬಾಯಿಮಾತು ಸಾಲದು. ವರ್ಲ್ಡ್ ಫುಟ್ಬಾಲಿನ ದೊಡ್ಡ ದೊರೆಗಳಿಗೇ ಬಾಯಿಮಾತು ಹತ್ತು ವರ್ಷ ಕೋರ್ಟು ಹತ್ತಿಸಿದೆ. ಸಾಮಾನ್ಯ ಮನೆಯ ಹುಡುಗ ಎಲ್ಲಿಗೆ ಹೋದಾನು?

ನಮ್ಮ ಊರಿನ ವಿಷಯಕ್ಕೂ ಬರೋಣ. ಊರೂರಲ್ಲಿ ಸ್ಪೋರ್ಟ್ಸ್ ಕ್ಲಬ್ ಉಂಟು. ಫುಟ್ಬಾಲ್, ಕಬಡ್ಡಿ, ಅಂಡರ್ ಆರ್ಮ್ ಕ್ರಿಕೆಟ್ ಟೂರ್ನಮೆಂಟ್ ಅಂದರೆ ಲಕ್ಷದ ಮಾತು. ಗಲ್ಫಿನಲ್ಲಿರುವವರು ಪ್ರೀತಿಯಿಂದ ದೇಣಿಗೆ ಕಳಿಸುತ್ತಾರೆ. ಚೆನ್ನಾಗಿ ಆಡುತ್ತಿದ್ದವರೇ ಮುಂದೆ ಅಧ್ಯಕ್ಷ, ಕೋಶಾಧಿಕಾರಿ ಆಗುತ್ತಾರೆ. 'ನಮ್ಮ ಹುಡುಗ, ನಂಬಿಕೆ ಉಂಟು' ಎಂದು ಲೆಕ್ಕ ಕೇಳದೆ ಬಿಡುತ್ತೇವೆ. ಲೆಕ್ಕ ಕೇಳಿದವನು ಕಾಲೆಳೆಯುವವನು ಅನಿಸಿಕೊಳ್ಳುತ್ತಾನೆ. ನಂಬಿಕೆ ಇರಲಿ, ರಶೀದಿಯೂ ಇರಲಿ. ಸಭೆಯ ಠರಾವು ಪುಸ್ತಕದಲ್ಲಿ ಬರೆಯಲಿ. ತನಗೆ ಅಥವಾ ತನ್ನವರಿಗೆ ಹಣ ಹೋಗುವ ತೀರ್ಮಾನದಲ್ಲಿ ಪದಾಧಿಕಾರಿ ಹೊರಗೆ ಕೂರಲಿ. ಎರಡು ಅವಧಿ ಆದ ಮೇಲೆ ಇನ್ನೊಬ್ಬರಿಗೆ ಬಿಟ್ಟುಕೊಡಲಿ. ಇದು ಯಾರ ಮೇಲಿನ ಸಂಶಯವೂ ಅಲ್ಲ. ನಾಳೆ ಯಾರಾದರೂ ಬೆರಳು ತೋರಿಸಿದಾಗ ಪ್ರಾಮಾಣಿಕನಾದವನ ಕೈಯಲ್ಲಿ ಒಂದು ಕಾಗದ ಇರಲಿ ಎಂಬುದಷ್ಟೇ.

ನಿಮ್ಮ ಊರಿನ ಕ್ಲಬ್ಬಿನ ಮಹಾಸಭೆ ಕೊನೆಗೆ ನಡೆದದ್ದು ಯಾವಾಗ? ಲೆಕ್ಕಪತ್ರ ಓದಿ ಹೇಳಿದ್ದು ಯಾವಾಗ? ಈ ವಾರ ಒಮ್ಮೆ ಕೇಳಿ ನೋಡಿ.